ಇಸ್ರೇಲ್–ಪ್ಯಾಲೆಸ್ಟೀನ್ ಸಂಧಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟು ವರ್ಷ, ಇಷ್ಟು ಸಭೆ, ಇಷ್ಟು ಸಹಿ ಆದ ಮೇಲೂ ಇದು ಯಾಕೆ ಮುಗಿಯುತ್ತಿಲ್ಲ? ಓದುಗರ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲಿಗೇ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಶಾಂತಿ ಒಪ್ಪಂದದ ಕರಡು ಬಹುಪಾಲು ಎಂದೋ ಸಿದ್ಧವಾಗಿದೆ. ಅದನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ ಮಾತ್ರ ಯಾವ ಒಪ್ಪಂದದಲ್ಲೂ ಗಟ್ಟಿಯಾಗಿ ಬರಲಿಲ್ಲ. ಯಾರು ಮಾತು ತಪ್ಪಿದರು ಎಂದು ತೀರ್ಮಾನಿಸುವವರು ಯಾರು, ತಪ್ಪಿದವರನ್ನು ತಡೆಯುವವರು ಯಾರು ಎಂಬುದು ಬರೆಯದೆ ಉಳಿಯಿತು. ಕೆಳಗಿನ ಉತ್ತರಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಿ.

ಇಷ್ಟಕ್ಕೂ ತೀರ್ಮಾನವಾಗಬೇಕಾದ ವಿಷಯಗಳು ಯಾವುವು?

ಗಡಿ, ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಯಹೂದಿ ವಸಾಹತುಗಳು, ಜೆರುಸಲೇಂ, ಇಸ್ರೇಲ್ ಹುಟ್ಟಿದ 1948ರ ಯುದ್ಧದ ಪ್ಯಾಲೆಸ್ಟೀನ್ ನಿರಾಶ್ರಿತರು, ಭದ್ರತೆ, ನೀರು. ಸಂಧಾನಕಾರರು ಇವನ್ನು ‘ಅಂತಿಮ ಸ್ಥಿತಿಯ ವಿಷಯಗಳು’ ಎನ್ನುತ್ತಾರೆ. ಇವು ಒಂದಕ್ಕೊಂದು ಹೆಣೆದುಕೊಂಡಿವೆ. ವಸಾಹತು ಎಲ್ಲಿದೆ ಎಂಬುದರ ಮೇಲೆ ಗಡಿ ನಿಂತಿದೆ, ಗಡಿ ಎಲ್ಲಿ ಹಾಯುತ್ತದೆ ಎಂಬುದರ ಮೇಲೆ ಬೆಟ್ಟದ ಅಡಿಯ ಅಂತರ್ಜಲ ಯಾರ ಪಾಲು ಎಂಬುದು ನಿಂತಿದೆ. ಒಂದನ್ನು ಬಗೆಹರಿಸಿ ಇನ್ನೊಂದನ್ನು ನಾಳೆಗೆ ಇಡೋಣ ಎಂದಾಗಲೆಲ್ಲ, ಆ ನಾಳೆ ಬರುವಷ್ಟರಲ್ಲಿ ಮೊದಲನೆಯದೂ ಕೆಟ್ಟಿದೆ.

‘1967ರ ಗಡಿ’ ಎಂದರೆ ನಿಖರವಾಗಿ ಯಾವುದು?

ಹೆಸರು 1967ರದ್ದಾದರೂ ರೇಖೆ 1949ರದು. ಇಸ್ರೇಲ್ ತನ್ನ ನೆರೆಯ ಅರಬ್ ದೇಶಗಳೊಂದಿಗೆ ಮಾಡಿಕೊಂಡ ಕದನ ವಿರಾಮದ ಒಪ್ಪಂದಗಳಲ್ಲಿ ಸೈನ್ಯಗಳು ನಿಂತಿದ್ದ ಜಾಗಕ್ಕೆ ನಕಾಶೆಯಲ್ಲಿ ಗೆರೆ ಎಳೆದರು. ಹಸಿರು ಬಣ್ಣದಲ್ಲಿ ಎಳೆದದ್ದರಿಂದ ‘ಹಸಿರು ರೇಖೆ’ ಎಂಬ ಹೆಸರು ನಿಂತಿತು. ಇದು ರಾಜಕೀಯ ಗಡಿ ಅಲ್ಲ ಎಂದು ಆ ಕಾಗದಗಳೇ ಹೇಳುತ್ತವೆ. ಜೆರುಸಲೇಂ ನಗರದ ನಕಾಶೆಯ ಅಳತೆ 1:20,000. ಅದರ ಮೇಲೆ 3 ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ಬಿದ್ದರೆ ನೆಲದ ಮೇಲೆ ಅದು 60 ಮೀಟರ್. ಆ ಅಗಲದೊಳಗೆ ಸಿಕ್ಕಿಕೊಂಡ ಮನೆ ಯಾರದು ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಹೊಲದ ಬದುವಿನ ವ್ಯಾಜ್ಯ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಈ ರೇಖೆಯನ್ನು ದಾಟಿ ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗಾಜಾ, ಈಜಿಪ್ಟಿನ ಸಿನಾಯಿ ಮತ್ತು ಸಿರಿಯಾದ ಗೋಲನ್ ಎತ್ತರದ ಪ್ರದೇಶವನ್ನು ವಶಪಡಿಸಿಕೊಂಡಿತು. ಅದೇ ವರ್ಷ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಅಂಗೀಕರಿಸಿತು. ಆಕ್ರಮಿತ ಪ್ರದೇಶಗಳಿಂದ ಇಸ್ರೇಲ್ ಹಿಂದೆ ಸರಿಯಬೇಕು, ಈ ವಲಯದ ಎಲ್ಲ ದೇಶಗಳಿಗೂ ಸುರಕ್ಷಿತ ಗಡಿಯೊಳಗೆ ಬದುಕುವ ಹಕ್ಕಿದೆ ಎಂಬುದು ಅದರ ತಿರುಳು. ‘ಎಲ್ಲ ಪ್ರದೇಶಗಳಿಂದ’ ಎಂಬ ಮಾತು ಇಂಗ್ಲಿಷ್ ಪಠ್ಯದಲ್ಲಿ ಸ್ಪಷ್ಟವಾಗಿಲ್ಲ. ಫ್ರೆಂಚ್ ಪಠ್ಯವನ್ನು ಹಾಗೆ ಓದಬಹುದು. ಎರಡು ಕಡೆಯ ವಕೀಲರು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಒಂದು ಪದದ ಮೇಲೆ ವಾದಿಸುತ್ತಿದ್ದಾರೆ.

ಭೂ ವಿನಿಮಯ ಎನ್ನುತ್ತಾರಲ್ಲ, ಅದರ ಲೆಕ್ಕ ಹೇಗೆ?

ಪೂರ್ವ ಜೆರುಸಲೇಂ ಸೇರಿ ಪಶ್ಚಿಮ ದಂಡೆಯ ವಿಸ್ತೀರ್ಣ ಸುಮಾರು 5,860 ಚದರ ಕಿ.ಮೀ. ಹಾಗಾಗಿ ಶೇ 1 ಎಂದರೆ ಸುಮಾರು 59 ಚದರ ಕಿ.ಮೀ. ಹಸಿರು ರೇಖೆಗೆ ಅಂಟಿಕೊಂಡ ದೊಡ್ಡ ವಸಾಹತುಗಳು ಇಸ್ರೇಲಿಗೆ, ಅದಕ್ಕೆ ಬದಲಾಗಿ ಇಸ್ರೇಲಿನೊಳಗಿನ ಖಾಲಿ ಜಾಗ ಪ್ಯಾಲೆಸ್ಟೀನಿಗೆ ಎಂಬುದು ಯೋಜನೆಯ ಸಾರ. 2000ದ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮುಂದಿಟ್ಟ ಸೂತ್ರದಲ್ಲಿ ಪಶ್ಚಿಮ ದಂಡೆಯ ಶೇ 94ರಿಂದ 96ರಷ್ಟು ಪ್ಯಾಲೆಸ್ಟೀನಿಗೆ, ಜೊತೆಗೆ ಶೇ 1ರಿಂದ 3ರಷ್ಟು ವಿನಿಮಯ ಎಂದಿತ್ತು. 2008ರಲ್ಲಿ ಇಸ್ರೇಲ್ ಪ್ರಧಾನಿ ಎಹುದ್ ಓಲ್ಮರ್ಟ್ ತೋರಿಸಿದ ನಕಾಶೆಯಲ್ಲಿ ಇಸ್ರೇಲ್ ಇಟ್ಟುಕೊಳ್ಳುವುದು ಶೇ 6ರ ಆಸುಪಾಸು, ವಿನಿಮಯವಾಗಿ ಕೊಡುವುದು ಅದಕ್ಕಿಂತ ತುಸು ಕಡಿಮೆ.

ಅಂದರೆ ಶೇಕಡಾವಾರು ಅಂತರ ಹೆಚ್ಚಿಲ್ಲ. ತೊಡಕು ಇರುವುದು ಜಾಗದ ಆಕಾರದಲ್ಲಿ. ಅರಿಯೆಲ್ ಎಂಬ ವಸಾಹತು ಹಸಿರು ರೇಖೆಯಿಂದ 15 ಕಿ.ಮೀ.ಗೂ ಹೆಚ್ಚು ಒಳಗಿದೆ. ಅದನ್ನು ಇಸ್ರೇಲಿಗೆ ಸೇರಿಸಬೇಕಾದರೆ ಒಂದು ಉದ್ದನೆಯ ಬೆರಳು ಪ್ಯಾಲೆಸ್ಟೀನಿನ ಹೊಟ್ಟೆಯೊಳಗೆ ಚಾಚಿಕೊಳ್ಳುತ್ತದೆ. ಜೆರುಸಲೇಮಿನ ಪೂರ್ವಕ್ಕಿರುವ ಇ-1 ಎಂಬ ಜಾಗ ಸುಮಾರು 12 ಚದರ ಕಿ.ಮೀ. ಮಾತ್ರ. ಅಲ್ಲಿ ಕಟ್ಟಡ ಎದ್ದರೆ ಪೂರ್ವ ಜೆರುಸಲೇಮಿಗೂ ಪಶ್ಚಿಮ ದಂಡೆಗೂ ಇರುವ ಕೊಂಡಿ ಕಡಿದುಹೋಗಿ, ರಮಲ್ಲಾದಿಂದ ಬೆತ್ಲೆಹೇಮಿಗೆ ಹೋಗುವ ಸಹಜ ದಾರಿಯೂ ಮುಚ್ಚುತ್ತದೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಸುಮಾರು 3,400 ಮನೆಗಳ ಯೋಜನೆಗೆ ಇಸ್ರೇಲ್ ಒಪ್ಪಿಗೆ ಕೊಟ್ಟಿತು. ಶೇಕಡಾವಾರಿನಲ್ಲಿ ಇದು ಏನೂ ಅಲ್ಲ ಎನಿಸಬಹುದು. ನಕಾಶೆಯಲ್ಲಿ ನೋಡಿದರೆ ಗಂಟಲಿಗೆ ಕೈ ಹಾಕಿದಂತೆ ಕಾಣುತ್ತದೆ.

ಓಸ್ಲೊ ಒಪ್ಪಂದದಲ್ಲಿ ನಿಜವಾಗಿ ಏನಿತ್ತು? ಪ್ಯಾಲೆಸ್ಟೀನ್ ದೇಶ ಕೊಡುತ್ತೇವೆ ಎಂದಿತ್ತೇ?

ಇರಲಿಲ್ಲ. ಆ ಪಠ್ಯದಲ್ಲಿ ಪ್ಯಾಲೆಸ್ಟೀನ್ ದೇಶದ ವಾಗ್ದಾನ ಇಲ್ಲ. ಅನೇಕರಿಗೆ ಇದು ಆಶ್ಚರ್ಯ ಎನಿಸುತ್ತದೆ.

1993ರಲ್ಲಿ ನಾರ್ವೆಯಲ್ಲಿ ಗುಟ್ಟಾಗಿ ಮಾತುಕತೆ ನಡೆಯಿತು. ಆರಂಭದಲ್ಲಿ ಇಸ್ರೇಲ್ ಕಡೆಯಿಂದ ಕುಳಿತವರು ಇಬ್ಬರು ವಿದ್ವಾಂಸರು, ಯಾಯಿರ್ ಹಿರ್ಷ್‌ಫೆಲ್ಡ್ ಮತ್ತು ರಾನ್ ಪುಂಡಕ್. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ (ಪಿಎಲ್‌ಒ) ಕಡೆಯಿಂದ ಅಹ್ಮದ್ ಕುರೈ. ಸೆಪ್ಟೆಂಬರ್ 9ರಂದು ಎರಡೂ ಕಡೆಯವರು ಪರಸ್ಪರ ಮಾನ್ಯತೆಯ ಪತ್ರಗಳನ್ನು ಕೊಟ್ಟುಕೊಂಡರು. ಆ ಪತ್ರಗಳು ಸಮಾನವಾಗಿರಲಿಲ್ಲ: ಪಿಎಲ್‌ಒ ಇಸ್ರೇಲ್ ದೇಶದ ಬದುಕುವ ಹಕ್ಕನ್ನು ಒಪ್ಪಿತು, ಇಸ್ರೇಲ್ ಒಪ್ಪಿದ್ದು ಪಿಎಲ್‌ಒ ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಎಂಬುದನ್ನು. ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಸಹಿ ಆಯಿತು. ಐದು ವರ್ಷಗಳ ಮಧ್ಯಂತರ ಸ್ವಯಮಾಡಳಿತ, ಅದರ ಮೂರನೇ ವರ್ಷದೊಳಗೆ ಅಂತಿಮ ಸ್ಥಿತಿಯ ಮಾತುಕತೆ ಶುರು, 1999ರ ಮೇ 4ಕ್ಕೆ ಎಲ್ಲ ಮುಕ್ತಾಯ. ವೇಳಾಪಟ್ಟಿ ಇಷ್ಟು.

ಎ, ಬಿ, ಸಿ ವಲಯಗಳು ಎಂದರೇನು?

1995ರ ಸೆಪ್ಟೆಂಬರಿನ ಎರಡನೇ ಓಸ್ಲೊ ಒಪ್ಪಂದ ಪಶ್ಚಿಮ ದಂಡೆಯನ್ನು ಮೂರು ಬಗೆಯಾಗಿ ಹಂಚಿತು. ಈಗಿನ ಲೆಕ್ಕದಲ್ಲಿ ಎ ವಲಯ ಸುಮಾರು ಶೇ 18: ಪಟ್ಟಣಗಳು; ಆಡಳಿತ, ಪೊಲೀಸ್ ಎರಡೂ ಓಸ್ಲೊದಿಂದ ಹುಟ್ಟಿದ ಸ್ವಯಮಾಡಳಿತ ಸಂಸ್ಥೆಯಾದ ಪ್ಯಾಲೆಸ್ಟೀನ್ ಪ್ರಾಧಿಕಾರದ್ದು. ಬಿ ವಲಯ ಶೇ 22ರಷ್ಟು: ಊರುಗಳ ಆಡಳಿತ ಪ್ರಾಧಿಕಾರಕ್ಕೆ, ಭದ್ರತೆಯಲ್ಲಿ ಕೊನೆಯ ಮಾತು ಇಸ್ರೇಲಿನದು. ಸಿ ವಲಯ ಸುಮಾರು ಶೇ 60: ಪೂರ್ತಿ ಇಸ್ರೇಲಿನ ಹಿಡಿತ. ವಸಾಹತುಗಳೆಲ್ಲ ಇರುವುದು ಇಲ್ಲೇ, ಜೋರ್ಡಾನ್ ಕಣಿವೆಯ ಹೆಚ್ಚಿನ ಭಾಗವೂ ಇಲ್ಲೇ. ಎ ಮತ್ತು ಬಿ ಚೂರುಚೂರಾದ ದ್ವೀಪಗಳಂತಿವೆ, ಅವುಗಳ ಸುತ್ತಲಿನ ನೀರಿನಂತೆ ಸಿ ಇದೆ. ಒಂದೂವರೆ ವರ್ಷದಲ್ಲಿ ಸಿ ವಲಯದ ಬಹುಪಾಲು ಹಂತಹಂತವಾಗಿ ಪ್ರಾಧಿಕಾರಕ್ಕೆ ಹೋಗಬೇಕಿತ್ತು. ಮೂವತ್ತು ವರ್ಷ ಕಳೆದರೂ ಆ ತಾತ್ಕಾಲಿಕ ನಕಾಶೆಯೇ ಜನರ ಬದುಕನ್ನು ಆಳುತ್ತಿದೆ.

ಹಾಗಾದರೆ ಓಸ್ಲೊ ಮುರಿದದ್ದು ಯಾರಿಂದ?

ಒಬ್ಬರ ಹೆಸರು ಹೇಳಿ ಮುಗಿಸುವುದು ಸುಲಭ. ಕಾಗದ ಹೇಗೆ ಸೋತಿತು ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ.

ಮೊದಲನೆಯದು, ಅತಿ ಕಷ್ಟದ ವಿಷಯಗಳನ್ನೆಲ್ಲ ಕೊನೆಗೆ ಇಟ್ಟರು. ನಡುವಿನ ಐದು ವರ್ಷದಲ್ಲಿ ವಿಶ್ವಾಸ ಬೆಳೆಯುತ್ತದೆ ಎಂಬ ನಂಬಿಕೆ. ಆದರೆ ಶಾಂತಿ ಬೇಡವಾದವರಿಗೆ ಆ ಐದು ವರ್ಷವೇ ಸಿಕ್ಕ ಅವಕಾಶವಾಯಿತು. 1994ರ ಫೆಬ್ರುವರಿ 25ರಂದು ಬರೂಖ್ ಗೋಲ್ಡ್‌ಸ್ಟೈನ್ ಎಂಬ ವಸಾಹತು ನಿವಾಸಿ ಹೆಬ್ರಾನಿನ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಏಪ್ರಿಲ್‌ನಿಂದ ಒಪ್ಪಂದವನ್ನು ವಿರೋಧಿಸುತ್ತಿದ್ದ ಪ್ಯಾಲೆಸ್ಟೀನ್ ಸಂಘಟನೆ ಹಮಾಸ್ ಇಸ್ರೇಲಿನ ಬಸ್ಸುಗಳಲ್ಲಿ ಆತ್ಮಾಹುತಿ ಸ್ಫೋಟ ಶುರುಮಾಡಿತು. 1995ರ ನವೆಂಬರ್ 4ರಂದು ಇಸ್ರೇಲ್ ಪ್ರಧಾನಿ ರಾಬಿನ್ ಅವರನ್ನು ಒಬ್ಬ ಯಹೂದಿ ಉಗ್ರವಾದಿಯೇ ಕೊಂದ. 1996ರ ಆರಂಭದಲ್ಲಿ ಮತ್ತೆ ಬಸ್ ಸ್ಫೋಟಗಳು. ಮೇ ತಿಂಗಳ ಚುನಾವಣೆಯಲ್ಲಿ ಶಿಮೋನ್ ಪೆರೆಸ್ 30 ಸಾವಿರಕ್ಕೂ ಕಡಿಮೆ ಮತಗಳಿಂದ ನೆತನ್ಯಾಹು ಎದುರು ಸೋತರು.

ಎರಡನೆಯದು, ವಸಾಹತು ನಿಲ್ಲಿಸಬೇಕೆಂಬ ನೇರ ಷರತ್ತು ಒಪ್ಪಂದದಲ್ಲಿ ಬರಲೇ ಇಲ್ಲ. ‘ಪ್ರದೇಶದ ಸ್ಥಿತಿಗತಿ ಬದಲಿಸುವ ಹೆಜ್ಜೆ ಇಡಬಾರದು’ ಎಂಬ ಮಾತಿತ್ತು, ಮನೆ ಕಟ್ಟುವುದು ಅದರಲ್ಲಿ ಸೇರಿಲ್ಲ ಎಂದು ಇಸ್ರೇಲ್ ಅರ್ಥ ಮಾಡಿತು. ಪೂರ್ವ ಜೆರುಸಲೇಂ ಬಿಟ್ಟು ಪಶ್ಚಿಮ ದಂಡೆಯ ವಸಾಹತುಗಳಲ್ಲಿ 1993ರಲ್ಲಿ ಇದ್ದವರು ಸುಮಾರು 1.1 ಲಕ್ಷ. 2000ದ ಹೊತ್ತಿಗೆ 1.9 ಲಕ್ಷದ ಆಸುಪಾಸು. ಈಗ 5 ಲಕ್ಷ ದಾಟಿದ್ದಾರೆ. ಮಾತುಕತೆ ನಡೆಯುತ್ತಿರುವ ಜಮೀನಿನಲ್ಲೇ ಒಂದು ಕಡೆಯವರು ಮನೆ ಕಟ್ಟುತ್ತಾ ಹೋದರೆ ಇನ್ನೊಂದು ಕಡೆಯವರು ಮಾತನ್ನು ನಂಬುವುದು ಹೇಗೆ?

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ತೀರ್ಪುಗಾರರಿಲ್ಲ. ತಕರಾರು ಬಂದರೆ ಜಂಟಿ ಸಮಿತಿಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಮಧ್ಯಸ್ಥಿಕೆಯ ತೀರ್ಪಿಗೆ, ಅದೂ ಇಬ್ಬರೂ ಒಪ್ಪಿದರೆ ಮಾತ್ರ. ಇಸ್ರೇಲ್ ಸೈನ್ಯ ಮೂರು ಹಂತದಲ್ಲಿ ಹಿಂದೆ ಸರಿಯಬೇಕು ಎಂದಿತ್ತು, ಎಷ್ಟು ಶೇಕಡಾ ಎಂದು ಬರೆದಿರಲಿಲ್ಲ. ಸ್ಫೋಟಗಳನ್ನು ತಡೆಯಲು ಪ್ರಾಧಿಕಾರ ಸಾಕಷ್ಟು ಮಾಡುತ್ತಿದೆಯೇ ಎಂದು ಅಳೆಯುವ ತಟಸ್ಥರೂ ಇರಲಿಲ್ಲ. ‘ನೀನು ಮೊದಲು ತಪ್ಪಿದೆ’ ಎಂಬ ಜಗಳ ಸಹಿ ಆದ ಮರುದಿನವೇ ಶುರುವಾಯಿತು, ಅದನ್ನು ಬಿಡಿಸುವವರು ಸಿಗಲಿಲ್ಲ.

ಈಜಿಪ್ಟ್ ಜೊತೆಗಿನ ಒಪ್ಪಂದ ಮಾತ್ರ ಹೇಗೆ ಉಳಿಯಿತು?

ಅಲ್ಲಿ ಮೇಲಿನ ಮೂರೂ ಕೊರತೆ ಇರಲಿಲ್ಲ. 1979ರ ಮಾರ್ಚ್ 26ರ ಒಪ್ಪಂದದಲ್ಲಿ ಕೊನೆಯ ಗೆರೆ ಎಲ್ಲಿ ಎಂಬುದು ಮೊದಲೇ ಬರೆದಿತ್ತು: ಸಿನಾಯಿ ಪೂರ್ತಿ ಈಜಿಪ್ಟಿಗೆ. ಹಿಂದೆ ಸರಿಯುವ ದಿನಾಂಕವೂ ಇತ್ತು, 1982ರ ಏಪ್ರಿಲ್ 25. ಅದಕ್ಕೆ ಮುಂಚೆ ಯಾಮಿತ್ ವಸಾಹತನ್ನು ಇಸ್ರೇಲ್ ಸೈನ್ಯವೇ ಖಾಲಿ ಮಾಡಿಸಿತು. ಸಿನಾಯಿಯನ್ನು ವಲಯಗಳಾಗಿ ವಿಂಗಡಿಸಿ, ಸೂಯೆಜ್ ಕಾಲುವೆಯ ಪಕ್ಕದ ವಲಯದಲ್ಲಿ ಈಜಿಪ್ಟಿನ 22,000 ಸೈನಿಕರಿಗಿಂತ ಹೆಚ್ಚಿರಬಾರದು ಎಂಬಷ್ಟು ನಿಖರವಾಗಿ ಬರೆದರು. ವಿಶ್ವಸಂಸ್ಥೆಯ ಪಡೆ ಸಿಗದೆಹೋದಾಗ ಬಹುರಾಷ್ಟ್ರೀಯ ವೀಕ್ಷಕ ಪಡೆಯೊಂದನ್ನು ಹುಟ್ಟುಹಾಕಿದರು. ಅದು 1982ರಿಂದ ಅಲ್ಲಿದೆ. ಒಪ್ಪಂದಕ್ಕೆ ಸಹಿ ಹಾಕಿದ ಈಜಿಪ್ಟ್ ಅಧ್ಯಕ್ಷ ಸಾದತ್ 1981ರಲ್ಲಿ ಕೊಲೆಯಾದರೂ ಒಪ್ಪಂದ ಸಾಯಲಿಲ್ಲ.

ತಾಬಾ ಪ್ರಸಂಗ ಇನ್ನೂ ಚೆನ್ನಾಗಿ ಇದನ್ನು ತೋರಿಸುತ್ತದೆ. ಕೆಂಪು ಸಮುದ್ರದ ದಂಡೆಯ ಈ ಜಾಗ ಸುಮಾರು ಒಂದು ಚದರ ಕಿ.ಮೀ. ಮಾತ್ರ. ಹಳೆಯ ಬಾಂದುಕಲ್ಲೊಂದು ಎಲ್ಲಿತ್ತು ಎಂಬುದರ ಮೇಲೆ ತಕರಾರು. ಐವರು ಸದಸ್ಯರ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ 1988ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಪರ ತೀರ್ಪು ಕೊಟ್ಟಿತು, 1989ರಲ್ಲಿ ಇಸ್ರೇಲ್ ಜಾಗ ಬಿಟ್ಟುಕೊಟ್ಟಿತು. ಒಂದು ಗುಂಡೂ ಹಾರಲಿಲ್ಲ.

ಆದರೂ ಒಂದು ಮಾತು ಸೇರಿಸಲೇಬೇಕು. ಸಿನಾಯಿ ಬಹುಪಾಲು ಮರುಭೂಮಿ, ಎರಡೂ ಕಡೆ ಗಟ್ಟಿ ಸರ್ಕಾರಗಳಿದ್ದವು. ಪಶ್ಚಿಮ ದಂಡೆ ಜನರಿಂದ ತುಂಬಿದೆ, ಎರಡೂ ಸಮುದಾಯಗಳ ಪವಿತ್ರ ಸ್ಥಳಗಳು ಅಲ್ಲಿವೆ.

2000ದಲ್ಲಿ ಇಸ್ರೇಲ್ ಎಲ್ಲವನ್ನೂ ಕೊಟ್ಟರೂ ಪಿಎಲ್‌ಒ ನಾಯಕ ಅರಾಫತ್ ಬೇಡ ಎಂದರಂತೆ, ನಿಜವೇ?

ಜುಲೈನ ಕ್ಯಾಂಪ್ ಡೇವಿಡ್ ಸಭೆಯಲ್ಲಿ ಇಸ್ರೇಲ್ ಪ್ರಧಾನಿ ಎಹುದ್ ಬರಾಕ್ ಹಿಂದಿನ ಯಾವ ಇಸ್ರೇಲ್ ಪ್ರಧಾನಿಯೂ ಕೊಡದಷ್ಟನ್ನು ಮುಂದಿಟ್ಟದ್ದು ಹೌದು. ಆದರೆ ಅದು ಲಿಖಿತ ರೂಪದಲ್ಲಿ ಬರಲಿಲ್ಲ. ಬಹುಮಟ್ಟಿಗೆ ಅಮೆರಿಕನ್ನರ ಬಾಯಿಂದ, ತುಂಡುತುಂಡಾಗಿ ಬಂತು. ಅರಾಫತ್ ತಮ್ಮ ಕಡೆಯ ಪ್ರಸ್ತಾವ ಮುಂದಿಡಲಿಲ್ಲ ಎಂಬ ಟೀಕೆಯೂ ನ್ಯಾಯವಾದದ್ದೇ. ಡಿಸೆಂಬರ್ 23ರಂದು ಕ್ಲಿಂಟನ್ ತಮ್ಮ ಸೂತ್ರವನ್ನು ಓದಿ ಬರೆಸಿದರು. ಇಬ್ಬರೂ ‘ಒಪ್ಪುತ್ತೇವೆ, ಆದರೆ’ ಎಂದರು. ಯಾರ ‘ಆದರೆ’ ದೊಡ್ಡದು ಎಂಬ ವಾದ ಇಂದಿಗೂ ಇದೆ. ಸೆಪ್ಟೆಂಬರ್ ಕೊನೆಯಿಂದ ಎರಡನೇ ಇಂತಿಫಾದಾದ (ಪ್ಯಾಲೆಸ್ಟೀನಿಯರ ದಂಗೆಯ) ರಕ್ತಪಾತ ನಡೆದಿತ್ತು, ಜನವರಿ 20ಕ್ಕೆ ಕ್ಲಿಂಟನ್ ಅಧಿಕಾರ ಮುಗಿಯಿತು, ಫೆಬ್ರುವರಿ 6ಕ್ಕೆ ಬರಾಕ್ ಚುನಾವಣೆ ಸೋತರು.

2008ರಲ್ಲೂ ಇದೇ ಕಥೆ. ಓಲ್ಮರ್ಟ್ ನಕಾಶೆ ತೋರಿಸಿದರು, ಪ್ರತಿ ಕೊಡಲಿಲ್ಲ. ಪ್ರಾಧಿಕಾರದ ಅಧ್ಯಕ್ಷ ಅಬ್ಬಾಸ್ ಅದನ್ನು ಕೈಯಿಂದಲೇ ಗೀಚಿಕೊಂಡರು, ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಭ್ರಷ್ಟಾಚಾರದ ತನಿಖೆಯಲ್ಲಿ ಸಿಲುಕಿದ್ದ ಓಲ್ಮರ್ಟ್ ರಾಜೀನಾಮೆ ಘೋಷಿಸಿಯಾಗಿತ್ತು. ಎರಡು ಸಲವೂ ಅತ್ಯುತ್ತಮ ಪ್ರಸ್ತಾವ ಬಂದದ್ದು ಕುರ್ಚಿ ಬಿಡುತ್ತಿರುವವರ ಕೈಯಿಂದ.

ಜೆರುಸಲೇಂ ಅನ್ನು ಹಂಚುವುದು ಸಾಧ್ಯವೇ?

ನಗರದ ಬಡಾವಣೆಗಳ ಮಟ್ಟಿಗೆ ಕ್ಲಿಂಟನ್ ಸೂತ್ರ ಸರಳ: ಅರಬ್ ಬಡಾವಣೆ ಪ್ಯಾಲೆಸ್ಟೀನಿಗೆ, ಯಹೂದಿ ಬಡಾವಣೆ ಇಸ್ರೇಲಿಗೆ. ಇಕ್ಕಟ್ಟು ಇರುವುದು ಒಂದು ಚದರ ಕಿ.ಮೀ.ಗಿಂತ ಚಿಕ್ಕದಾದ ಹಳೆಯ ನಗರದಲ್ಲಿ, ಅದರಲ್ಲೂ ಮುಸ್ಲಿಮರು ಹರಮ್ ಅಲ್ ಶರೀಫ್ ಎನ್ನುವ, ಯಹೂದಿಗಳು ದೇವಾಲಯ ಬೆಟ್ಟ ಎನ್ನುವ ಜಗಲಿಯಲ್ಲಿ. ಈಗಿನ ಪದ್ಧತಿಯಂತೆ ಆಡಳಿತ ಜೋರ್ಡಾನಿನ ವಕ್ಫ್‌ನದು, ಹೊರಗಿನ ಭದ್ರತೆ ಇಸ್ರೇಲಿನದು; ಇತರರು ಭೇಟಿ ಕೊಡಬಹುದು, ಪ್ರಾರ್ಥನೆ ಮುಸ್ಲಿಮರದು ಮಾತ್ರ. ಈ ಪದ್ಧತಿಯಲ್ಲಿ ಎಳ್ಳಷ್ಟು ಬದಲಾವಣೆಯ ಗುಮಾನಿ ಬಂದರೂ ಬೆಂಕಿ ಹತ್ತುತ್ತದೆ. ಓಲ್ಮರ್ಟ್ ಈ ಪವಿತ್ರ ವಲಯವನ್ನು ಐದು ದೇಶಗಳ ಜಂಟಿ ಉಸ್ತುವಾರಿಗೆ ಬಿಡುವ ಮಾತಾಡಿದ್ದರು: ಇಸ್ರೇಲ್, ಪ್ಯಾಲೆಸ್ಟೀನ್, ಜೋರ್ಡಾನ್, ಸೌದಿ ಅರೇಬಿಯ, ಅಮೆರಿಕ.

ನಿರಾಶ್ರಿತರೆಲ್ಲ ವಾಪಸು ಹೋಗಬೇಕೆ?

1948ರಲ್ಲಿ ಮನೆ ಕಳೆದುಕೊಂಡವರು ಸುಮಾರು 7 ಲಕ್ಷ. ಅವರ ಸಂತತಿ ಸೇರಿ ವಿಶ್ವಸಂಸ್ಥೆಯ ಉನ್ರಾ ಸಂಸ್ಥೆಯಲ್ಲಿ ಈಗ ಸುಮಾರು 59 ಲಕ್ಷ ಜನರ ನೋಂದಣಿ ಇದೆ. ಎಲ್ಲರೂ ಮರಳಿದರೆ ಯಹೂದಿ ಬಹುಮತ ಉಳಿಯದು ಎಂಬುದು ಇಸ್ರೇಲಿನ ಭಯ. ಮರಳುವ ಹಕ್ಕನ್ನೇ ಬಿಟ್ಟುಕೊಟ್ಟರೆ ತಮಗಾದ ಅನ್ಯಾಯವನ್ನೇ ಅಳಿಸಿದಂತೆ ಎಂಬುದು ಪ್ಯಾಲೆಸ್ಟೀನಿಯರ ನೋವು. ಕ್ಲಿಂಟನ್ ಸೂತ್ರದಲ್ಲಿ ಐದು ದಾರಿಗಳಿದ್ದವು: ಹೊಸ ಪ್ಯಾಲೆಸ್ಟೀನ್ ದೇಶ, ವಿನಿಮಯವಾಗಿ ಬಂದ ಜಾಗ, ಈಗಿರುವ ದೇಶ, ಮೂರನೇ ದೇಶ, ಇಸ್ರೇಲ್ ಒಪ್ಪಿದಷ್ಟು ಜನರಿಗೆ ಇಸ್ರೇಲ್. ಜೊತೆಗೆ ಪರಿಹಾರ ಧನ. ಪರಿಹಾರದ ಲೆಕ್ಕಕ್ಕಿಂತ ಮೊದಲು ಆದ ಅನ್ಯಾಯವನ್ನು ಬಾಯಿಬಿಟ್ಟು ಒಪ್ಪುವ ಮಾತು ಬೇಕು ಎಂದು ನಮಗೆ ಅನಿಸುತ್ತದೆ. ಇಲ್ಲಿ ಹಣ ಹೇಗೂ ಹೊಂದಿಸಬಹುದು, ಆ ಮಾತು ಕಷ್ಟ.

ಪ್ರಾಧಿಕಾರದ ಹಣವನ್ನು ಇಸ್ರೇಲ್ ಹೇಗೆ ತಡೆಹಿಡಿಯುತ್ತದೆ?

1994ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ಯಾಲೆಸ್ಟೀನಿಗೆ ಬರುವ ಸರಕಿನ ಆಮದು ಸುಂಕ ಮತ್ತು ತೆರಿಗೆಯನ್ನು ಇಸ್ರೇಲ್ ವಸೂಲಿ ಮಾಡಿ, ಶೇ 3ರಷ್ಟು ಸೇವಾ ಶುಲ್ಕ ಹಿಡಿದುಕೊಂಡು, ಪ್ರತಿ ತಿಂಗಳು ಕೊಡಬೇಕು. ಪ್ರಾಧಿಕಾರದ ಆದಾಯದಲ್ಲಿ ಇದೇ ದೊಡ್ಡ ಪಾಲು. ರಾಜಕೀಯ ಬಿಗಡಾಯಿಸಿದಾಗಲೆಲ್ಲ ಈ ನಲ್ಲಿ ತಿರುಗುತ್ತದೆ, ಶಿಕ್ಷಕರು ಮತ್ತು ನರ್ಸುಗಳಿಗೆ ಅರ್ಧ ಸಂಬಳ ಆಗುತ್ತದೆ.

ಇಸ್ರೇಲ್ 2005ರಲ್ಲಿ ಗಾಜಾ ಬಿಟ್ಟಿತಲ್ಲ, ಆಮೇಲೂ ಶಾಂತಿ ಏಕೆ ಬರಲಿಲ್ಲ?

ಗಾಜಾದ 21 ವಸಾಹತುಗಳನ್ನು ಪ್ರಧಾನಿ ಶರೋನ್ ಸರ್ಕಾರ ತೆರವು ಮಾಡಿತು. ಆದರೆ ಅದು ಏಕಪಕ್ಷೀಯ ನಿರ್ಧಾರ, ಅಬ್ಬಾಸ್ ಜೊತೆಗಿನ ಒಪ್ಪಂದದ ಫಲವಾಗಿ ಬಂದದ್ದಲ್ಲ. ಹೀಗಾಗಿ ಶ್ರೇಯಸ್ಸು ‘ನಮ್ಮ ರಾಕೆಟ್ಟಿಗೆ ಹೆದರಿ ಓಡಿದರು’ ಎಂದ ಹಮಾಸ್ ಪಾಲಾಯಿತು. ಆಕಾಶ, ಸಮುದ್ರ ಮತ್ತು ಹೆಚ್ಚಿನ ಗಡಿದ್ವಾರಗಳು ಇಸ್ರೇಲ್ ಕೈಯಲ್ಲೇ ಉಳಿದವು. 2006ರ ಜನವರಿಯ ಚುನಾವಣೆಯಲ್ಲಿ ಹಮಾಸ್ 132ರಲ್ಲಿ 74 ಸ್ಥಾನ ಗೆದ್ದಿತು, 2007ರ ಜೂನ್‌ನಲ್ಲಿ ಅಬ್ಬಾಸ್ ಅವರ ಫತಾ ಪಕ್ಷವನ್ನು ಬಲಪ್ರಯೋಗದಿಂದ ಹೊರಹಾಕಿ ಗಾಜಾ ಹಿಡಿಯಿತು. ದಿಗ್ಬಂಧನ ಬಿಗಿಯಾಯಿತು. ಅಂದಿನಿಂದ ಪ್ಯಾಲೆಸ್ಟೀನ್ ಕಡೆಗೆ ಎರಡು ಆಡಳಿತ, ಸಹಿ ಹಾಕಲು ಒಂದೇ ಕೈ ಇಲ್ಲ.

2025ರ ಕದನ ವಿರಾಮದಲ್ಲಿ ಹೊಸದೇನು?

2023ರ ಅಕ್ಟೋಬರ್ 7ರ ದಾಳಿಯಲ್ಲಿ ಹಮಾಸ್ ಮತ್ತು ಇತರ ಗುಂಪುಗಳು ಸುಮಾರು 1,200 ಜನರನ್ನು ಕೊಂದು 251 ಜನರನ್ನು ಒತ್ತೆಯಾಳಾಗಿ ಒಯ್ದವು. ಆಮೇಲಿನ ಯುದ್ಧದಲ್ಲಿ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ 2025ರ ಅಕ್ಟೋಬರ್ ವೇಳೆಗೆ 67,000ಕ್ಕೂ ಹೆಚ್ಚು ಜನ ಸತ್ತರು. ಈ ಸಂಖ್ಯೆಗಳ ಹಿಂದೆ ಇರುವ ಮನೆಗಳನ್ನು ಮರೆತು ಸಂಧಾನದ ಮಾತಾಡುವುದು ತಪ್ಪಾಗುತ್ತದೆ.

2025ರ ಜನವರಿ 19ರ ಕದನ ವಿರಾಮ ಮಾರ್ಚ್ 18ಕ್ಕೆ ಮುರಿಯಿತು. ಕಾರಣ ಹಳೆಯದೇ: ಮೊದಲ ಹಂತ ನಿಖರ, ಎರಡನೇ ಹಂತ ‘ಮುಂದೆ ಮಾತಾಡೋಣ’. ಅಕ್ಟೋಬರ್ 10ರಂದು ಜಾರಿಗೆ ಬಂದದ್ದು ಅಮೆರಿಕದ 20 ಅಂಶಗಳ ಯೋಜನೆ. ಅಕ್ಟೋಬರ್ 13ರಂದು ಬದುಕಿದ್ದ 20 ಒತ್ತೆಯಾಳುಗಳು ಮನೆಗೆ ಬಂದರು, ಸುಮಾರು 2,000 ಪ್ಯಾಲೆಸ್ಟೀನ್ ಕೈದಿಗಳ ಬಿಡುಗಡೆಯಾಯಿತು, ಸೈನ್ಯ ‘ಹಳದಿ ರೇಖೆ’ಗೆ ಸರಿದು ಗಾಜಾದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಹಿಡಿದು ನಿಂತಿತು. ನವೆಂಬರ್ 17ರ ಭದ್ರತಾ ಮಂಡಳಿಯ 2803ನೇ ನಿರ್ಣಯ ಗಾಜಾದ ಉಸ್ತುವಾರಿಗೆ ‘ಶಾಂತಿ ಮಂಡಳಿ’ ಮತ್ತು ಅಂತರರಾಷ್ಟ್ರೀಯ ಪಡೆಗೆ ಒಪ್ಪಿಗೆ ಕೊಟ್ಟಿತು. 13 ಮತ ಪರ. ರಷ್ಯಾ, ಚೀನಾ ತಟಸ್ಥ.

ಹೊರಗಿನ ಪಡೆಯ ಮಾತು ಬರೆಯಲ್ಪಟ್ಟದ್ದು ದೊಡ್ಡ ಹೆಜ್ಜೆ ಎಂದೇ ನಾವು ಎಣಿಸುತ್ತೇವೆ. ದೌರ್ಬಲ್ಯವೂ ಅಲ್ಲೇ ಇದೆ. ಹಮಾಸ್‌ನ ಶಸ್ತ್ರಾಸ್ತ್ರ ಕಸಿಯುವವರು ಯಾರು? ಅದಕ್ಕಾಗಿ ತಮ್ಮ ಸೈನಿಕರನ್ನು ಸಾಯಲು ಕಳಿಸಲು ದೇಶಗಳು ಹಿಂಜರಿಯುತ್ತವೆ. ಪ್ಯಾಲೆಸ್ಟೀನ್ ದೇಶದ ವಿಷಯದಲ್ಲಿ ನಿರ್ಣಯದ ಮಾತು ‘ದಾರಿ ತೆರೆಯಬಹುದು’ ಎಂಬಲ್ಲಿಗೆ ನಿಲ್ಲುತ್ತದೆ. ದಿನಾಂಕ ಇಲ್ಲ, ನಕಾಶೆ ಇಲ್ಲ.

ಬೇರೆ ದೇಶಗಳು ಪ್ಯಾಲೆಸ್ಟೀನಿಗೆ ಮಾನ್ಯತೆ ಕೊಟ್ಟರೆ ಏನು ಬದಲಾಗುತ್ತದೆ?

ಚೆಕ್‌ಪೋಸ್ಟ್ ಒಂದೂ ಕದಲುವುದಿಲ್ಲ. ಆದರೆ ರಾಯಭಾರ ಕಚೇರಿ, ಒಪ್ಪಂದ ಮಾಡಿಕೊಳ್ಳುವ ಅಧಿಕಾರ, ಅಂತರರಾಷ್ಟ್ರೀಯ ನ್ಯಾಯಾಲಯಗಳ ಬಾಗಿಲು ಇವೆಲ್ಲ ಗಟ್ಟಿಯಾಗುತ್ತವೆ. 2012ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 138 ಮತಗಳಿಂದ ಪ್ಯಾಲೆಸ್ಟೀನಿಗೆ ವೀಕ್ಷಕ ರಾಷ್ಟ್ರದ ಸ್ಥಾನ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯ ಮಾನ್ಯತೆ ಕೊಟ್ಟವು. ಪೂರ್ಣ ಸದಸ್ಯತ್ವಕ್ಕೆ ಭದ್ರತಾ ಮಂಡಳಿಯ ಶಿಫಾರಸು ಬೇಕು, ಅಲ್ಲಿ ಅಮೆರಿಕದ ವಿಟೊ ಇದೆ.

ಭಾರತದ ನಿಲುವು ಏನು? ಕರ್ನಾಟಕಕ್ಕೂ ಇದಕ್ಕೂ ಸಂಬಂಧ ಇದೆಯೇ?

1947ರಲ್ಲಿ ಪ್ಯಾಲೆಸ್ಟೀನ್ ಅನ್ನು ಎರಡು ದೇಶಗಳಾಗಿ ಹಂಚುವ ವಿಶ್ವಸಂಸ್ಥೆಯ ಯೋಜನೆಯ ವಿರುದ್ಧ ಭಾರತ ಮತ ಹಾಕಿತು. ಎರಡೂ ಸಮುದಾಯಗಳ ಒಕ್ಕೂಟ ದೇಶ ಆಗಲಿ ಎಂದಿತ್ತು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ, 1988ರಲ್ಲಿ ಪ್ಯಾಲೆಸ್ಟೀನಿಗೆ ಮಾನ್ಯತೆ, 1992ರ ಜನವರಿಯಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ. ಇತ್ತೀಚಿನ ಕೆಲವು ನಿರ್ಣಯಗಳಲ್ಲಿ ಭಾರತ ತಟಸ್ಥವಾಗಿತ್ತು. ಎರಡು ದೇಶಗಳ ಪರಿಹಾರವನ್ನು ಬೆಂಬಲಿಸಿ 2025ರ ಸೆಪ್ಟೆಂಬರ್ 12ರಂದು ಸಾಮಾನ್ಯ ಸಭೆಯಲ್ಲಿ 142 ಮತ ಪಡೆದ ನಿರ್ಣಯಕ್ಕೆ ಪರವಾಗಿ ಮತ ಹಾಕಿತು.

ಕರ್ನಾಟಕದ ನಂಟು ಹಳೆಯದು. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯೂ ಹೋರಾಡಿತು. ಇವತ್ತು ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುತ್ತಿರುವವರಲ್ಲಿ ಮಂಗಳೂರು, ಉಡುಪಿ ಕಡೆಯವರು ಅನೇಕರಿದ್ದಾರೆ. ಸೈರನ್ ಮೊಳಗಿದಾಗ ಕರಾವಳಿಯ ಮನೆಗಳಲ್ಲೂ ನಿದ್ದೆ ಕೆಡುತ್ತದೆ.

ಎರಡು ದೇಶಗಳ ದಾರಿ ಮುಚ್ಚಿಹೋಯಿತೇ? ಒಂದೇ ದೇಶ ಆಗಬಾರದೇಕೆ?

ಸಮಾನ ಹಕ್ಕಿನ ಒಂದೇ ದೇಶ ಕೇಳಲು ಚೆಂದ. ಆದರೆ ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಯಹೂದಿಗಳು, ಪ್ಯಾಲೆಸ್ಟೀನಿಯರು ಹತ್ತಿರ ಹತ್ತಿರ ಸಮ ಸಂಖ್ಯೆಯಲ್ಲಿದ್ದಾರೆ. ತನ್ನದೇ ದೇಶ ಎಂಬ ಆಸೆಯನ್ನು ಇಬ್ಬರೂ ಬಿಡಲು ತಯಾರಿಲ್ಲ. ಈಗ ನೆಲದ ಮೇಲಿರುವುದು ಒಂದೇ ಹಿಡಿತ, ಎರಡು ಬಗೆಯ ಕಾನೂನು. ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರಂದು ಸಲಹಾತ್ಮಕ ಅಭಿಪ್ರಾಯ ಕೊಟ್ಟಿದೆ.

ಎರಡು ದೇಶಗಳ ದಾರಿ ಕಿರಿದಾಗಿದೆ, ಮುಚ್ಚಿಲ್ಲ ಎಂಬುದು ನಮ್ಮ ಎಣಿಕೆ. ವಸಾಹತು ನಿವಾಸಿಗಳಲ್ಲಿ ಬಹುಪಾಲು ಜನ ಹಸಿರು ರೇಖೆಯ ಹತ್ತಿರದ ದೊಡ್ಡ ಗುಂಪುಗಳಲ್ಲೇ ಇರುವುದರಿಂದ ವಿನಿಮಯದ ಲೆಕ್ಕ ಇನ್ನೂ ಕೂಡುತ್ತದೆ. ಆಳದಲ್ಲಿರುವವರನ್ನು ಎಬ್ಬಿಸಬೇಕಾಗುತ್ತದೆ. 2005ರಲ್ಲಿ ಎಂಟೊಂಬತ್ತು ಸಾವಿರ ಜನರನ್ನು ಎಬ್ಬಿಸಲು ಇಸ್ರೇಲ್ ಪಟ್ಟ ಪಾಡು ನೋಡಿದವರಿಗೆ ಒಂದು ಲಕ್ಷಕ್ಕೂ ಹೆಚ್ಚು ಎಂದರೆ ಏನು ಎಂಬುದು ಗೊತ್ತು.

ಸುದ್ದಿ ಓದುವಾಗ ಯಾವುದನ್ನು ಗಮನಿಸಬೇಕು?

ಕೈಕುಲುಕಿದ ಫೋಟೊ ಬಿಟ್ಟು ಇವನ್ನು ನೋಡಿ. ಒಪ್ಪಂದದ ಎರಡನೇ ಹಂತಕ್ಕೆ ದಿನಾಂಕ ಇದೆಯೇ? ಹಿಂದೆ ಸರಿಯುವ ರೇಖೆ ನಕಾಶೆಯಲ್ಲಿ ಲಗತ್ತಾಗಿದೆಯೇ? ಉಲ್ಲಂಘನೆ ಆಯಿತು ಎಂದು ಘೋಷಿಸುವ ಅಧಿಕಾರ ಯಾರದು, ಅವರ ಜನ ಸ್ಥಳದಲ್ಲಿದ್ದಾರೆಯೇ? ಇ-1ರಲ್ಲಿ ರಸ್ತೆ ಕೆಲಸ ನಡೆಯುತ್ತಿದೆಯೇ, ನಿಂತಿದೆಯೇ? ಪ್ರಾಧಿಕಾರದ ತೆರಿಗೆ ಹಣ ಆ ತಿಂಗಳು ಬಂತೇ? ಪ್ಯಾಲೆಸ್ಟೀನ್ ಸಂಸತ್ತಿಗೆ 2006ರ ನಂತರ ಚುನಾವಣೆಯೇ ನಡೆದಿಲ್ಲ, 2021ರಲ್ಲಿ ಘೋಷಿಸಿ ಮುಂದೂಡಿದರು. ಅದಕ್ಕೆ ಮತ್ತೆ ದಿನ ಗೊತ್ತಾಯಿತೇ, ಪೂರ್ವ ಜೆರುಸಲೇಮಿನಲ್ಲಿ ಮತಪೆಟ್ಟಿಗೆ ಇಡಲು ಇಸ್ರೇಲ್ ಒಪ್ಪಿತೇ?